ಕಿವಿಗೂ ಹಿತ, ಸೊಂಟಕ್ಕೂ ಹಿತ: ಹಿರಿಯರ ಉಚಿತ ಸಂಗೀತ ಸಭೆಗೆ ಓದುಗರ ಪ್ರಶ್ನೆಗಳು

ಅಕ್ಟೋಬರ್ 1 ಹಿರಿಯರ ಅಂತರರಾಷ್ಟ್ರೀಯ ದಿನ. ಆ ದಿನಕ್ಕೋ, ಮುಂದಿನ ಚಳಿಗಾಲಕ್ಕೋ ಹಲವು ಭಾಷೆಯ ಹಾಡುಗಳ ಉಚಿತ ಕಾರ್ಯಕ್ರಮ ಇಟ್ಟುಕೊಳ್ಳಬೇಕೆಂದಿರುವ ಬಡಾವಣೆ ಸಂಘಗಳು, ಮಹಿಳಾ ಮಂಡಳಗಳು, ನಿವೃತ್ತ ನೌಕರರ ಕೂಟಗಳು ಕಳಿಸಿದ ಪ್ರಶ್ನೆಗಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಹಾಡಿನ ಆಯ್ಕೆ, ಮೈಕು, ಕಿವಿ, ಕುರ್ಚಿ, ಕಾಯ್ದೆ ಒಂದೊಂದಕ್ಕೂ ಆ ಕೆಲಸ ಬಲ್ಲವರೇ ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಮ್ಮ ಬಡಾವಣೆಯ 150 ಹಿರಿಯರಿಗೆ ಕಾರ್ಯಕ್ರಮ ಮಾಡಬೇಕಂತ ಇದ್ದೀವಿ. ಎಲ್ಲಾ ಸಮಾಜದವರೂ ಬರ್ತಾರ. ಯಾರಿಗೂ ಬ್ಯಾಸರ ಆಗಬಾರದಂತ ವಚನ ಒಂದು, ಕವ್ವಾಲಿ ಒಂದು, ಅಭಂಗ ಒಂದು, ಲಂಬಾಣಿ ಹಾಡು ಒಂದು, ತೆಲುಗು ಒಂದು, ಕ್ರೈಸ್ತ ಗೀತೆ ಒಂದು ಅಂತ ಪಟ್ಟಿ ಮಾಡೀವಿ. ಸರಿ ಅದನೋ? (ಕಲಬುರಗಿ)

ಪಟ್ಟಿ ತಪ್ಪಲ್ಲ, ಆದರೆ ಅದು ಶಾಂತಿ ಸಭೆಯ ಆಮಂತ್ರಣ ಪತ್ರಿಕೆಯಂತಿದೆ. ಇಂಥ ಪಟ್ಟಿಯಿಂದ ಆಗುವ ತೊಂದರೆ ಒಂದೇ: ಪ್ರತಿಯೊಬ್ಬರೂ ತಮ್ಮ ಹಾಡು ಬರುವ ತನಕ ಕಾಯುತ್ತಾರೆ, ಅದು ಮುಗಿದ ಮೇಲೆ ಚಹಾದ ಕಡೆ ನೋಡುತ್ತಾರೆ. ನಮ್ಮ ಭಾಗದ ಹಿರಿಯರ ನೆನಪು ಹೀಗೆ ಖಾನೆ ಖಾನೆಯಾಗಿ ಇಲ್ಲ. 1948ರ ಸೆಪ್ಟೆಂಬರ್ ತನಕ ಇದು ನಿಜಾಮರ ಸೀಮೆ. 85 ದಾಟಿದವರಲ್ಲಿ ಉರ್ದುವಿನಲ್ಲೇ ಅಕ್ಷರ ತಿದ್ದಿದವರು ಲಿಂಗಾಯತರಲ್ಲೂ ಬ್ರಾಹ್ಮಣರಲ್ಲೂ ಸಿಗುತ್ತಾರೆ. ಅವರಿಗೆ ಗಜಲು ಪರಕೀಯವಲ್ಲ. ಹಾಗೆಯೇ ಕಡಕೋಳ ಮಡಿವಾಳಪ್ಪನವರ ತತ್ವಪದದ ಪರಂಪರೆಯಲ್ಲಿ ಚೆನ್ನೂರು ಜಲಾಲಸಾಹೇಬರಿದ್ದಾರೆ. ಹುಮನಾಬಾದ ಹತ್ತಿರದ ಮಾಣಿಕನಗರದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿ, ಸಂಸ್ಕೃತ ಎಲ್ಲದರಲ್ಲೂ ಪದ ಕಟ್ಟಿದವರು. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಜಾತಿ–ಧರ್ಮದ ಬದಲು ಕೆಲಸ ಮತ್ತು ಸಂದರ್ಭದ ಮೇಲೆ ಹಾಡುಗಳನ್ನು ಜೋಡಿ ಮಾಡಿ. ಬೀಸುವ ಕಲ್ಲಿನ ಪದವನ್ನೂ ದಖನಿ ಉರ್ದುವಿನ ಬೀಸುವ ಪದವಾದ ಚಕ್ಕಿನಾಮಾವನ್ನೂ ಒಂದರ ಬೆನ್ನಿಗೆ ಒಂದು ಹಾಡಿಸಿ. ಎರಡೂ ಅದೇ ಕಲ್ಲಿನ ಮುಂದೆ, ಅದೇ ತೋಳಿನ ಸುತ್ತಿಗೆ ಹುಟ್ಟಿದವು. ಒಂದರಲ್ಲಿ ಬಸವಣ್ಣ, ಮಲ್ಲಯ್ಯ ಬರುತ್ತಾರೆ, ಇನ್ನೊಂದರಲ್ಲಿ ಅಲ್ಲಾ, ಪೀರ್ ಬರುತ್ತಾರೆ. ಕಲ್ಲಿನ ಗೂಟ ಹಿಡಿದ ಕೈ ಮಾತ್ರ ಒಂದೇ ಲಯದಲ್ಲಿ ತಿರುಗುತ್ತದೆ. ವೇದಿಕೆ ಮೇಲೆ ಚಿತ್ರದ ಕಲ್ಲು ಬೇಡ, ನಿಜವಾದ ಬೀಸುಕಲ್ಲು ತಂದಿಟ್ಟು ಎರಡು ಹಿಡಿ ಜೋಳ ಹಾಕಿ. ಖಾಲಿ ಕಲ್ಲು ಕರಕರ ಅನ್ನುತ್ತದೆ, ಕಾಳು ಬಿದ್ದರೆ ಸದ್ದು ತಗ್ಗಿ ಹಾಡಿಗೆ ಶ್ರುತಿ ಹಿಡಿದಂತೆ ಗುಂಯ್ ಎನ್ನುತ್ತದೆ. ಕಲ್ಲಿನ ಕೆಳಗೆ ಮಡಚಿದ ಗೋಣಿಚೀಲ ಹಾಸಿ, ಇಲ್ಲದಿದ್ದರೆ ಮರದ ವೇದಿಕೆ ಆ ಸದ್ದನ್ನು ಹತ್ತು ಪಟ್ಟು ಮಾಡಿ ಮೈಕಿಗೆ ಕೊಡುತ್ತದೆ. ಇದೇ ರೀತಿ ಜೋಗುಳಕ್ಕೆ ಲೋರಿ, ಸೋಬಾನೆಗೆ ಅರಿಶಿಣದ ಹಾಡು, ತತ್ವಪದಕ್ಕೆ ಅಭಂಗ. ಲಂಬಾಣಿ ತಾಂಡಾದ ಹೆಣ್ಣುಮಕ್ಕಳಿಗೆ ಮದುವೆ ಹಾಡಿನ ಜೋಡಿಯಲ್ಲಿ ಜಾಗ ಕೊಡಿ. ಮದುಮಗಳು ತವರು ಬಿಡುವಾಗ ಅವರು ಹಾಡಿಕೊಂಡು ಅಳುವ ಪದವನ್ನು ಭಾಷೆ ತಿಳಿಯದ ಮುದುಕಿಯೂ ತಿಳಿದುಕೊಳ್ಳುತ್ತಾಳೆ.

ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ ಹಾಡು ಕೊನೆತನಕ ಗಟ್ಟಿಯಾಗಿ ಉಳಿಯುತ್ತದೆ. ಈಗ 75ರ ಆಸುಪಾಸಿನವರಿಗೆ ಅದು 1960ರಿಂದ 1980ರ ಕಾಲ, ಅಂದರೆ ರೇಡಿಯೋ, ಜಾತ್ರೆಯ ಬಯಲಾಟ, ಟೂರಿಂಗ್ ಟಾಕೀಸಿನ ಕಾಲ. ಸಂಘಟಕರು ಐವತ್ತರವರಾದರೆ ತಮಗೆ ಹಳೆಯದೆನಿಸುವ 1990ರ ಹಾಡು ಆರಿಸುತ್ತಾರೆ; ಹಿರಿಯರಿಗೆ ಅದು ಮೊಮ್ಮಕ್ಕಳ ಹಾಡು. ಪಟ್ಟಿ ಮಾಡುವ ಮೊದಲು ಬರುವವರಲ್ಲಿ ಇಪ್ಪತ್ತು ಮಂದಿಯನ್ನಾದರೂ ಕೇಳಿ. "ಯಾವ ಹಾಡು ಇಷ್ಟ" ಎಂದು ಕೇಳಿದರೆ "ಯಾವುದಾದ್ರೂ ನಡೀತದ" ಎಂಬ ಉತ್ತರವೇ ಬರುವುದು. "ನಿಮ್ಮ ಲಗ್ನದಾಗ ಏನು ಹಾಡಿದ್ರು, ಹೊಲದಾಗ ಏನು ಹಾಡ್ತಿದ್ರಿ" ಎಂದು ಕೇಳಿ.

ಪ್ರಶ್ನೆ: ಸಂಜೆ 6ಕ್ಕೆ ಇಡಬೇಕೋ, ಬೆಳಿಗ್ಗೆ ಇಡಬೇಕೋ? ಯಾವ ತಿಂಗಳು ಒಳ್ಳೆಯದು? (ಆಳಂದ)

ಬೆಳಿಗ್ಗೆ 10.30ಕ್ಕೆ ಶುರು, 12.15ಕ್ಕೆ ಮುಗಿತಾಯ. ಸಂಜೆ ಕತ್ತಲಲ್ಲಿ ಮೆಟ್ಟಿಲು ಇಳಿಯುವುದು, ಮೋತಿಬಿಂದು (ಕಣ್ಣಿನ ಪೊರೆ) ಇದ್ದವರಿಗೆ ಎದುರಿನ ವಾಹನದ ಬೆಳಕು ಹೊಡೆಯುವುದು, ಆಟೋ ಸಿಗದಿರುವುದು ಎಲ್ಲ ಒಟ್ಟಿಗೆ ಬರುತ್ತವೆ. 10.30ಕ್ಕಿಂತ ಮುಂಚೆ ಬೇಡ. ರಕ್ತದೊತ್ತಡಕ್ಕೆಂದು ಬೆಳಿಗ್ಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಮೊದಲ ಎರಡು–ಮೂರು ತಾಸು ಮನೆ ಬಿಟ್ಟು ಹೊರಡಲು ಅಂಜುತ್ತಾರೆ. 12.15 ದಾಟಿಸಿದರೆ ಸಕ್ಕರೆ ಕಾಯಿಲೆಯವರ ಊಟ ತಪ್ಪುತ್ತದೆ, ಮಧ್ಯಾಹ್ನದ ಜೊಹರ್ ನಮಾಜಿಗೆ ಹೋಗುವವರು ನಡುವೆಯೇ ಏಳಬೇಕಾಗುತ್ತದೆ. ಶುಕ್ರವಾರ ಬಿಡಿ, ಅಮಾವಾಸ್ಯೆ ಬಿಡಿ, ಶ್ರಾವಣ ಸೋಮವಾರ ಬಿಡಿ, ರಂಜಾನ್ ತಿಂಗಳು ಪೂರ್ತಿ ಬಿಡಿ.

ತಿಂಗಳ ಮಾತು ಹೇಳುವುದಾದರೆ ನವೆಂಬರ್‌ನಿಂದ ಫೆಬ್ರವರಿ. ನಮ್ಮಲ್ಲಿ ಏಪ್ರಿಲ್–ಮೇನಲ್ಲಿ 42 ಡಿಗ್ರಿ ದಾಟುವುದು ವಿಶೇಷವೇನಲ್ಲ. ಆ ಬಿಸಿಲಲ್ಲಿ 80ರ ಅಜ್ಜನನ್ನು ಸಂಗೀತಕ್ಕೆ ಕರೆಯುವುದು ಉಪಕಾರವಲ್ಲ. ಅಕ್ಟೋಬರ್ 1ಕ್ಕೇ ಮಾಡುತ್ತೀರೆಂದರೆ ಸಭಾಂಗಣದೊಳಗೆ ಮಾಡಿ, ಹಿಂಗಾರಿನ ಮಳೆಗೆ ಶಾಮಿಯಾನ ನಂಬಬೇಡಿ. ಹಳ್ಳಿಗಳಿಂದ ಕರೆಸುವವರು ಡಿಸೆಂಬರ್ ಕೊನೆಯಿಂದ ಜನವರಿಯ ತೊಗರಿ ರಾಶಿಯ ದಿನಗಳನ್ನು ತಪ್ಪಿಸಿ. ಆಗ ಮುದುಕರಿಗೂ ಕಣದಲ್ಲಿ ಕೆಲಸವಿರುತ್ತದೆ, ಕರೆತರಬೇಕಾದ ಮಗನಂತೂ ಸಿಗುವುದೇ ಇಲ್ಲ. ಕಲಬುರಗಿಯವರು ಹೋಳಿ ಹುಣ್ಣಿಮೆಯ ನಂತರದ ಶರಣಬಸವೇಶ್ವರ ಜಾತ್ರೆಯನ್ನೂ ಬಂದೇ ನವಾಜರ ಉರುಸನ್ನೂ ನೋಡಿಕೊಳ್ಳಬೇಕು. ಉರುಸು ಚಾಂದ್ರಮಾನದ ಜಿಲ್ಕದ್ ತಿಂಗಳಲ್ಲಿ ಬರುವುದರಿಂದ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೋದ ವರ್ಷದ ಕ್ಯಾಲೆಂಡರ್ ನೋಡಿ ದಿನ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.

ಇಷ್ಟೆಲ್ಲ ಮಾಡಿಯೂ ಸಮಯ ಹಾಳಾಗುವುದು ಶಾಲು–ಹಾರದಲ್ಲಿ. ಉದ್ಘಾಟನೆ, ಸ್ವಾಗತ, ಅತಿಥಿ ಭಾಷಣ ಸೇರಿ ಎಂಟು ನಿಮಿಷ ಇಡಿ, ಅದನ್ನೂ ಎರಡನೇ ಹಾಡಿನ ನಂತರ ಇಡಿ. ಮೊದಲೇ ಇಟ್ಟರೆ ತಡವಾಗಿ ಬರುವ ಅತಿಥಿಗಾಗಿ 150 ಜನ ಸುಮ್ಮನೆ ಕೂಡಬೇಕಾಗುತ್ತದೆ.

ಪ್ರಶ್ನೆ: ಹೋದ ಸಲ ಬಾಡಿಗೆ ಸೌಂಡಿನವರು ದೊಡ್ಡ ದೊಡ್ಡ ಪೆಟ್ಟಿಗೆ ತಂದರೂ ಹಿಂದೆ ಕೂತವರು "ಕೇಳ್ತಿಲ್ಲ" ಅಂದರು, ಮುಂದೆ ಕೂತವರು ಕಿವಿ ಮುಚ್ಚಿಕೊಂಡರು. ಏನು ತಪ್ಪಾಗಿರಬಹುದು? (ಬೀದರ್)

ಎರಡು ಸಮಸ್ಯೆ ಸೇರಿ ಒಂದಾಗಿವೆ. ಮೊದಲನೆಯದು ದೂರದ್ದು. ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯ ಪೆಟ್ಟಿಗೆಯಿಂದ 4 ಮೀಟರ್ ದೂರದ ಸಾಲಿನಲ್ಲಿ 85 ಇದ್ದರೆ ತೆರೆದ ಜಾಗದಲ್ಲಿ 8 ಮೀಟರಿಗೆ 79, 16 ಮೀಟರಿಗೆ 73. ಹಿಂದಿನವರಿಗಾಗಿ ಏರಿಸಿದರೆ ಮುಂದಿನವರ ಕಿವಿ ಹೋಗುತ್ತದೆ. ದೊಡ್ಡ ಪೆಟ್ಟಿಗೆ ಇದಕ್ಕೆ ಮದ್ದಲ್ಲ. ವೇದಿಕೆಯ ಎರಡು ಪೆಟ್ಟಿಗೆಗಳನ್ನು ನೆಲದಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಎರಡೂಕಾಲು–ಎರಡೂವರೆ ಮೀಟರ್ ಎತ್ತರಕ್ಕೆ ಏರಿಸಿ, ಮೂತಿಯನ್ನು ಹಿಂದಿನ ಸಾಲುಗಳ ಕಡೆ ತುಸು ಬಗ್ಗಿಸಿ. ಸಭಾಂಗಣ ಉದ್ದವಿದ್ದರೆ ನಡುಭಾಗದಲ್ಲಿ ಇನ್ನೊಂದು ಸಣ್ಣ ಜೋಡಿ ಇಟ್ಟು ಮೆಲ್ಲಗೆ ನುಡಿಸಿ. ಆ ಎರಡನೇ ಜೋಡಿಗೆ ತಡ (ಡಿಲೇ, ಅಂದರೆ ಸದ್ದು ತುಸು ತಡೆದು ಹೊರಡುವಂತೆ) ಹಾಕಲೇಬೇಕು: ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್, ಮೇಲೆ ಒಂದು ಹತ್ತು. 12 ಮೀಟರ್ ಮುಂದಿಟ್ಟರೆ 45ರ ಆಸುಪಾಸು. ತಡ ಹಾಕದಿದ್ದರೆ ಒಂದೇ ಮಾತು ಎರಡು ಸಲ ಬಂದು, ಮೊದಲೇ ಮಸುಕಾಗಿ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಮೊದಲ ಸಾಲಿಗೂ ಕೊನೆಯ ಸಾಲಿಗೂ 6 ಡೆಸಿಬಲ್‌ಗಿಂತ ಹೆಚ್ಚು ಅಂತರ ಇರಬಾರದು. ಮೊಬೈಲಿನ ಸದ್ದಳೆಯುವ ಆ್ಯಪ್ ಪಕ್ಕಾ ಅಲ್ಲದಿದ್ದರೂ ಎರಡು ಸಾಲುಗಳನ್ನು ಹೋಲಿಸಲು ಸಾಕು. ಹಾಡು ಸರಾಸರಿ 70ರಿಂದ 75ರಲ್ಲಿ ನಡೆಯಲಿ, ಕವ್ವಾಲಿಯ ಏರಿನಲ್ಲೂ 85 ದಾಟದಿರಲಿ.

ಎರಡನೆಯದು ಕಿವಿಯದು. ವಯಸ್ಸಿನ ಕಿವುಡು ಸದ್ದನ್ನೆಲ್ಲ ಸಮನಾಗಿ ತಗ್ಗಿಸುವುದಿಲ್ಲ. ಸ, ಶ, ತ, ಕ, ಫ ಅಕ್ಷರಗಳ ಮೊನಚು ಇರುವ 2,000 ಹರ್ಟ್ಝ್‌ಗಿಂತ ಮೇಲಿನ ಭಾಗ ಮೊದಲು ಹೋಗುತ್ತದೆ. ಆ, ಓ, ಊ ಎಂಬ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಅವರು "ಕೇಳ್ತದ, ತಿಳಿವಲ್ದು" ಅನ್ನುತ್ತಾರೆ. ಸೌಂಡಿನವರು ಅದನ್ನು "ಕೇಳ್ತಿಲ್ಲ" ಎಂದು ಅರ್ಥ ಮಾಡಿಕೊಂಡು ಗುಂಡಿ ಏರಿಸುತ್ತಾರೆ. ಈ ಕಿವಿಗಳಿಗೆ ಇನ್ನೊಂದು ಗುಣವಿದೆ: ಮೆಲ್ಲಗಿದ್ದರೆ ಕೇಳದು, ಸ್ವಲ್ಪ ಏರಿಸಿದ ಕೂಡಲೇ ಚುಚ್ಚುತ್ತದೆ. ನಡುವಿನ ಹಿತದ ಜಾಗ ಬಹಳ ಕಿರಿದು. ಹಾಡುವವರ ಮೈಕಿನಲ್ಲಿ 120 ಹರ್ಟ್ಝ್‌ಗಿಂತ ಕೆಳಗಿನದನ್ನು ಕತ್ತರಿಸಿ, 2,000ದಿಂದ 4,000ದ ನಡುವೆ 2–3 ಡೆಸಿಬಲ್ ಮಾತ್ರ ಎತ್ತಿ. ಅದಕ್ಕಿಂತ ಹೆಚ್ಚು ಎತ್ತಿದರೆ ಕೀ ಎಂದು ಕೂಗುತ್ತದೆ.

ಮತ್ತೆ ಆ ಎಕೋ. ನಮ್ಮ ಭಾಗದ ಬಾಡಿಗೆ ಸೌಂಡಿನಲ್ಲಿ ಎಕೋ ಇಲ್ಲದ ಮಿಕ್ಸರ್ ಹುಡುಕುವುದು ಕಷ್ಟ, ಅದನ್ನು ಬಳಸದ ಹುಡುಗನನ್ನು ಹುಡುಕುವುದು ಇನ್ನೂ ಕಷ್ಟ. ನಿರೂಪಣೆಯ ಮೈಕಿಗೆ ಎಕೋ ಪೂರ್ತಿ ಬಂದ್, ಹಾಡಿಗೆ ಚೂರು. ಮುಂಗಡ ಕೊಡುವಾಗಲೇ ಇದನ್ನು ಹೇಳಿ. ಕಾರ್ಯಕ್ರಮ ಶುರುವಾದ ಮೇಲೆ ಹೇಳಿದರೆ ಜಗಳವಾಗುತ್ತದೆ.

ಸಭಾಂಗಣವೂ ಎಕೋ ಹಾಕುತ್ತದೆ. ಶಹಾಬಾದ್ ಪರಸಿ ನೆಲ, ಬರಿಯ ಗೋಡೆ, ಕಾಂಕ್ರೀಟ್ ತಾರಸಿ ಇರುವ ಕಲ್ಯಾಣ ಮಂಟಪದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಬಾಲ ಎಳೆದುಕೊಂಡು ಹೋದರೆ ಹಿಂದಿನ ಗೋಡೆಗೆ ಕೌದಿಗಳನ್ನು ಇಳಿಬಿಡಿ, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ಹಗ್ಗದ ಮೇಲೆ ಹಾಕಿ. ಬಡಾವಣೆಯ ಮನೆಗಳಿಂದ ಹತ್ತು–ಹನ್ನೆರಡು ಕೌದಿ ಸಿಗುವುದು ಕಷ್ಟವಲ್ಲ, ನೋಡಲೂ ಚೆಂದ. ವೇದಿಕೆಯ ಎದುರಿನ ಗೋಡೆಗೇ ಹಾಕಬೇಕು, ಬಲ–ಎಡಕ್ಕೆ ಆಮೇಲೆ.

ಹಲಗೆ ಮೇಳವನ್ನು ಒಳಗೆ ತರಬೇಡಿ. ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುವುದರಿಂದ ಅದಕ್ಕೆ ಅಂಗಳವೇ ಜಾಗ. ಬರುವವರನ್ನು ಸ್ವಾಗತಿಸಲು ಗೇಟಿನ ಹತ್ತಿರ ಹತ್ತು ನಿಮಿಷ ನುಡಿಸಲಿ. ಕವ್ವಾಲಿ ತಂಡದ ಚಪ್ಪಾಳೆಗೂ ಮೈಕ್ ಬೇಡ. ಆರು ಜನರ ಜೋಡಿ ಕೈ ಹಾಲ್ ತುಂಬಲು ಸಾಕು.

ಪ್ರಶ್ನೆ: ನಮ್ಮ ತಂದೆಗೆ ಕಿವಿ ಮಷಿನ್ ಹಾಕಿಸೀವಿ. ಮಾತು ಕೇಳ್ತಾರ, ಆದರ ಹಾರ್ಮೋನಿಯಂ ಶುರುವಾದರ "ನಡುಗ್ತದ" ಅಂತ ಮಷಿನ್ ತೆಗೆದು ಇಡ್ತಾರ. ಮಷಿನ್ ಕೆಟ್ಟದಾ? (ಸೇಡಂ)

ಕೆಟ್ಟಿಲ್ಲ. ಮಷಿನ್ ತಯಾರಾಗಿರುವುದು ಮಾತಿಗೆ. ತನ್ನದೇ ಸದ್ದು ಒಳಗೆ ಹೊಕ್ಕು ಸಿಳ್ಳೆ ಹಾಕಬಾರದೆಂದು ಅದರಲ್ಲಿ ಒಂದು ಕಾವಲು ಇರುತ್ತದೆ. ಹಾರ್ಮೋನಿಯಂ, ಕೊಳಲಿನ ಉದ್ದ ಸ್ವರವನ್ನು ಅದು ಸಿಳ್ಳೆಯೆಂದೇ ತಿಳಿದು ಅಳಿಸಲು ಹೋಗುತ್ತದೆ, ಆಗ ಸ್ವರ ನಡುಗುತ್ತದೆ. ಮಷಿನ್ ಕೊಟ್ಟ ಆಡಿಯಾಲಜಿಸ್ಟ್ ಹತ್ತಿರ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಡಿಜಿಟಲ್ ಮಷಿನ್‌ಗಳಲ್ಲಿ ಬಹುತೇಕ ಆಗುತ್ತದೆ, ಗುಂಡಿ ಒತ್ತಿದರೆ ಬದಲಾಗುತ್ತದೆ. ಅದಿಲ್ಲವಾದರೆ ಮಷಿನ್ ಸದ್ದು ತಗ್ಗಿಸಿ, ವೇದಿಕೆಗೆ ಹತ್ತಿರ ಆದರೆ ಪೆಟ್ಟಿಗೆಯ ನೇರಕ್ಕಲ್ಲದೆ ನಡುವೆ ಕೂಡಿಸಿ. ಹಾಡುವವರ ಮುಖ ಕಂಡರೆ ತುಟಿ ನೋಡಿಕೊಂಡೇ ಅರ್ಧ ಸಾಹಿತ್ಯ ಹಿಡಿಯುತ್ತಾರೆ. ಆದ್ದರಿಂದ ಸಂಘಟಕರಿಗೂ ಒಂದು ಮಾತು: ಬಣ್ಣದ ದೀಪ ಬೇಡ, ಮುಖದ ಮೇಲೆ ಬಿಳಿ ಬೆಳಕು ಬೀಳಲಿ, ಮೈಕು ಬಾಯಿಗೆ ಅಡ್ಡ ಬರದೆ ಗದ್ದದ ಕೆಳಗಿರಲಿ.

ಬ್ಯಾಟರಿ ಸ್ವಾಗತದ ಮೇಜಿನಲ್ಲಿಡಿ. ಕಿವಿಯ ಹಿಂದೆ ಕೂಡುವ ಮಷಿನ್‌ಗಳಲ್ಲಿ ಹೆಚ್ಚಾಗಿ 13 ಅಥವಾ 675, ಕಿತ್ತಳೆ ಪಟ್ಟಿಯದು ಮತ್ತು ನೀಲಿ ಪಟ್ಟಿಯದು. ಪಟ್ಟಿ ಕಿತ್ತ ಕೂಡಲೇ ಒಳಗೆ ಹಾಕಬಾರದು. ಗಾಳಿ ಒಳಹೊಕ್ಕು ಕೆಲಸ ಶುರುಮಾಡಲು ಒಂದೆರಡು ನಿಮಿಷ ಬೇಕು. ಅವಸರ ಮಾಡಿ ಹಾಕಿದರೆ "ಹೊಸ ಸೆಲ್ಲೇ ಸತ್ತದ" ಎಂದು ಎಸೆಯುತ್ತಾರೆ.

ಪ್ರಶ್ನೆ: ಭಜನಾ ತಂಡ, ಕವ್ವಾಲಿ ತಂಡ, ನಮ್ಮ ಮಹಿಳಾ ಮಂಡಳದ ಸೋಬಾನೆ ತಂಡ ಮೂರೂ ಕೂಡಿ ಕೊನೆಗೆ ಒಂದು ಹಾಡು ಹಾಡಬೇಕಂತ ಆಸೆ. ತಾಲೀಮಿನಲ್ಲಿ ಯಾವುದೂ ಕೂಡಿ ಬರಲಿಲ್ಲ. ಕೇಳುಗರೂ ದನಿಗೂಡಿಸಬೇಕಂತ ಇದ್ದೀವಿ. (ಶಹಾಪುರ)

ಹಾರ್ಮೋನಿಯಂಗಳಿಂದ ಶುರು ಮಾಡಿ. ಹಳೆಯ ಪೆಟ್ಟಿಗೆಗಳ ರೀಡು (ಸ್ವರ ಹೊರಡಿಸುವ ಲೋಹದ ಪಟ್ಟಿ) ಸವೆದು, ಧೂಳು ಕೂತು, ಎರಡು ತಂಡದ ಎರಡು ಪೆಟ್ಟಿಗೆಯ ಅದೇ "ಕಾಳಿ ಏಕ್" (ಮೊದಲ ಕಪ್ಪು ಕೀಲಿ) ಒಂದೇ ಆಗಿರುವುದಿಲ್ಲ. ಎರಡರ ಅದೇ ಕೀಲಿಯನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ದನಿ ಅಲೆಅಲೆಯಾಗಿ ವ್ಹ-ವ್ಹ-ವ್ಹ ಎಂದರೆ ಶ್ರುತಿ ಕೂಡಿಲ್ಲ. ಹಾಡುವವರು ಆಚೀಚೆ ಸರಿಸಿಕೊಳ್ಳಬಲ್ಲರು, ರೀಡು ಸರಿಯುವುದಿಲ್ಲ. ಕೊನೆಯ ಹಾಡಿಗೆ ಒಂದೇ ಪೆಟ್ಟಿಗೆ ಇಟ್ಟು ಉಳಿದದ್ದನ್ನು ಮುಚ್ಚಿಬಿಡಿ. ಯಾರ ಪೆಟ್ಟಿಗೆ ಎಂಬುದು ಮಾನದ ಪ್ರಶ್ನೆಯಾಗುವುದುಂಟು, ತಾಲೀಮಿನಲ್ಲೇ ತೀರ್ಮಾನ ಮಾಡಿ.

ಇನ್ನು ಶ್ರುತಿಯ ಎತ್ತರ. ಹಾಡುವವರ ಅನುಕೂಲ ಬೇರೆ, ಕೂತವರ ಅನುಕೂಲ ಬೇರೆ. ವಯಸ್ಸಾದಂತೆ ಹೆಂಗಸರ ದನಿ ಕೆಳಗಿಳಿಯುತ್ತದೆ, ಮೇಲಿನ ಸ್ವರ ಸಿಗುವುದಿಲ್ಲ. ನಿಮ್ಮ ಗಾಯಕಿ ಕಾಳಿ ಪಾಂಚ್‌ನಲ್ಲಿ (ಐದನೇ ಕಪ್ಪು ಕೀಲಿ) ಹಾಡುವವರಾದರೆ ಪಲ್ಲವಿಯ ತಾರ ಸ್ವರಗಳಲ್ಲಿ ಸಭೆ ಬಾಯಿ ಮುಚ್ಚಿಕೊಳ್ಳುತ್ತದೆ. ಕೂಡಿ ಹಾಡುವ ಹಾಡನ್ನು ಮೂರು ಅರೆಸ್ವರ ಇಳಿಸಿ ಸಫೇದ್ ಪಾಂಚ್‌ಗೆ (ಐದನೇ ಬಿಳಿ ಕೀಲಿ) ತನ್ನಿ. ಗಾಯಕಿಗೆ ಮಂದ್ರ ತುಸು ಬಿಗಿಯಾಗಬಹುದು, ಆದರೆ ಸಭೆ ಹಾಡುತ್ತದೆ. ಲಯವನ್ನೂ ತಗ್ಗಿಸಿ, ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳಲು ಜಾಗ ಬಿಡಿ. ಸಾಹಿತ್ಯ ಹಂಚುವುದಾದರೆ 20 ಪಾಯಿಂಟಿನ ದಪ್ಪ ಅಕ್ಷರ, ಎರಡು ಸಾಲಿಗಿಂತ ಹೆಚ್ಚಿನ ಪಲ್ಲವಿ ಬೇಡ. ಉರ್ದು ಸಾಲನ್ನು ಕನ್ನಡ ಲಿಪಿಯಲ್ಲೂ ಕನ್ನಡ ಸಾಲನ್ನು ಉರ್ದು ಲಿಪಿಯಲ್ಲೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ.

ಶ್ರುತಿ ಬದಲಾದರೆ ತಬಲಾ ಬದಲಾಗಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಬಲಗೈ ತಬಲಾ ಅರ್ಧ ಸ್ವರ, ಹೆಚ್ಚೆಂದರೆ ಒಂದು ಸ್ವರ ಆಚೀಚೆ ಸರಿಯುತ್ತದೆ. ಅದಕ್ಕಿಂತ ಮೇಲೆ ಎಳೆದರೆ ಪುಡಿಯ (ತಬಲಾದ ಮೇಲಿನ ಚರ್ಮದ ಮುಚ್ಚಳ) ಅಂಚು ಹರಿಯುತ್ತದೆ, ಕೆಳಗಿಳಿಸಿದರೆ ನಾದ ಸತ್ತು ಡಬ್ಬಿ ಬಡಿದಂತಾಗುತ್ತದೆ. ಎರಡು ಬಲಗೈ ತಬಲಾ ತರಿಸಿ. ತೆರೆಯ ಹಿಂದೆ ಮುಂಚೆಯೇ ಶ್ರುತಿ ಮಾಡಿಟ್ಟರೆ ಸಭೆಯ ಮುಂದೆ ನಾಲ್ಕು ನಿಮಿಷ ಹಥೋಡಿ ಟಕಟಕ ಕೇಳಿಸುವುದು ತಪ್ಪುತ್ತದೆ. ಚಳಿಗಾಲದ ಬೆಳಿಗ್ಗೆ ಮಾಡಿದ ಶ್ರುತಿ, ವೇದಿಕೆಯ ದೀಪದ ಕಾವಿಗೆ ಚರ್ಮ ಒಣಗಿ ಹನ್ನೊಂದರ ಹೊತ್ತಿಗೆ ಏರಿರುತ್ತದೆ. ಮಳೆಯ ದಿನ ಇದರ ಉಲ್ಟಾ. ನಡುವಿನ ಚಹಾ ವಿರಾಮದಲ್ಲಿ ಇನ್ನೊಮ್ಮೆ ನೋಡಲಿ.

ಪ್ರಶ್ನೆ: ಕುರ್ಚಿ ಹಾಕೋದೋ, ಜಮಖಾನ ಹಾಸೋದೋ? ಹೆಣ್ಣುಮಕ್ಕಳು ಕೆಳಗೇ ಕೂಡ್ತೀವಿ ಅಂತಾರ. (ಜೇವರ್ಗಿ)

ಕೂಡುತ್ತಾರೆ, ಏಳುವುದಿಲ್ಲ. ಎರಡನ್ನೂ ಇಡಿ, ಆದರೆ ಜಮಖಾನದ ಅಂಚಿನಲ್ಲಿ ಹಿಡಿದುಕೊಂಡು ಏಳಲು ಗಟ್ಟಿ ಬೆಂಚು ಇರಲಿ. ಕುರ್ಚಿಗೆ ಕೈ ಇರಬೇಕು, ಕೂಡುವ ಎತ್ತರ ಸುಮಾರು 45 ಸೆಂ.ಮೀ. ಇರಬೇಕು. ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿ ನುಣುಪು ಪರಸಿಯ ಮೇಲೆ ಏಳುವ ಹೊತ್ತಿಗೆ ಹಿಂದಕ್ಕೆ ಜಾರುತ್ತದೆ, ಅಗ್ಗದ್ದಾದರೆ ಹಿಂಗಾಲು ಅಗಲಿಸಿ ಕುಸಿಯುತ್ತದೆ. ಎರಡು ಕುರ್ಚಿ ಒಂದರೊಳಗೊಂದು ಇಟ್ಟು ಕೊಟ್ಟರೆ ಗಟ್ಟಿಯೂ ಆಗುತ್ತದೆ, ಎತ್ತರವೂ ಸಿಗುತ್ತದೆ. ಸಾಲಿಗೆ ಎಂಟಕ್ಕಿಂತ ಹೆಚ್ಚು ಕುರ್ಚಿ ಬೇಡ, ನಡುದಾರಿ 120 ಸೆಂ.ಮೀ. ಇರಲಿ. ಗಾಲಿಕುರ್ಚಿಯವರನ್ನು ಕೊನೆಗೆ ತಳ್ಳಬೇಡಿ, ಎರಡನೇ ಮತ್ತು ನಾಲ್ಕನೇ ಸಾಲಿನ ಅಂಚಿನಲ್ಲಿ ಎರಡೆರಡು ಕುರ್ಚಿ ತೆಗೆದು ಜಾಗ ಮಾಡಿ, ಪಕ್ಕದಲ್ಲಿ ಕರೆತಂದವರಿಗೂ ಒಂದು ಕುರ್ಚಿ ಇರಲಿ. ಬಾಗಿಲಲ್ಲಿ 15 ಸೆಂ.ಮೀ. ಮೆಟ್ಟಿಲಿದ್ದರೆ ಇಳಿಜಾರು ಹಲಗೆ 1.8 ಮೀಟರ್ ಉದ್ದ ಬೇಕು. ಮೂರಡಿಯ ಹಲಗೆ ಹಾಕಿದರೆ ಗಾಲಿಕುರ್ಚಿ ಹಿಮ್ಮುಖ ಮಗುಚುತ್ತದೆ.

ಶೌಚಾಲಯ 25 ಜನಕ್ಕೆ ಒಂದು, ಅರ್ಧದಷ್ಟಾದರೂ ಕಮೋಡ್. ಕಲ್ಯಾಣ ಮಂಟಪದಲ್ಲಿ ದೇಶಿ ಶೌಚಾಲಯವೇ ಇದ್ದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ವೈದ್ಯಕೀಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಒದ್ದೆ ಪರಸಿ ಬಹಳ ಅಪಾಯ. ಪ್ರತಿ ಇಪ್ಪತ್ತು ನಿಮಿಷಕ್ಕೆ ಒರೆಸಲು ಒಬ್ಬರನ್ನು ಅಲ್ಲೇ ನಿಲ್ಲಿಸಿ, ಅವರಿಗೆ ಬೇರೆ ಕೆಲಸ ಹೇಳಬೇಡಿ.

ಪ್ರಶ್ನೆ: ಉಚಿತ ಕಾರ್ಯಕ್ರಮಕ್ಕೆ ಅನುಮತಿ, ಹಾಡಿನ ಹಕ್ಕಿನ ಹಣ ಎಲ್ಲಾ ಬೇಕಾ? (ಕಲಬುರಗಿ)

ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಬೇಕು, ಉಚಿತವೋ ಅಲ್ಲವೋ ಅದಕ್ಕೆ ಸಂಬಂಧವಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಜಾಗ ಗೊತ್ತು ಮಾಡುವಾಗಲೇ ಇದನ್ನು ನೋಡಿಕೊಳ್ಳಿ. ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟರೆ ನಿಶ್ಚಿಂತೆ.

ಹಾಡಿನ ಹಕ್ಕಿನಲ್ಲಿ "ಉಚಿತ" ಎಂಬುದೊಂದೇ ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿರುವ ವಿನಾಯಿತಿ ಸಿಗುವುದು ಹವ್ಯಾಸಿ ತಂಡ ಅಥವಾ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡಿದಾಗ. ಮಹಿಳಾ ಮಂಡಳದವರೇ ಹಾಡಿದರೆ ತೊಂದರೆಯಿಲ್ಲ. ಸಂಭಾವನೆ ಕೊಟ್ಟು ಆರ್ಕೆಸ್ಟ್ರಾ ಕರೆಸಿ ಸಿನಿಮಾ ಹಾಡು ಹಾಡಿಸಿದರೆ ಅದು ಹವ್ಯಾಸಿ ಅಲ್ಲ, ಹಾಡು ಬರೆದವರ, ರಾಗ ಕೂರಿಸಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ ಸಂಸ್ಥೆಯ ಪರವಾನಗಿ ತೆಗೆದುಕೊಳ್ಳುವುದೇ ಸರಿ. ಕರೋಕೆ ಟ್ರ್ಯಾಕ್ ಅಥವಾ ಪೆನ್‌ಡ್ರೈವ್ ಹಾಡು ಹಾಕಿದರೆ ಧ್ವನಿಮುದ್ರಣದ ಹಕ್ಕು ಬೇರೆಯೇ ಇದೆ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹನ್ನೆರಡನೇ ಶತಮಾನದ ವಚನಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದಕ್ಕೆ ಇತ್ತೀಚೆಗೆ ಕೂರಿಸಿದ ರಾಗಸಂಯೋಜನೆಗೆ ಇರಬಹುದು. ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರೆ ಈ ವಿನಾಯಿತಿ ನಿಮ್ಮನ್ನು ಕಾಯುತ್ತದೆಂದು ನಂಬಬೇಡಿ, ನಡುವೆ ದನಿ ಬಂದ್ ಆಗುವುದೂ ಉಂಟು. ಜಾನಪದ, ತತ್ವಪದಗಳನ್ನೇ ಆರಿಸಿದವರಿಗೆ ಈ ಗೋಜು ಬಹಳ ಕಡಿಮೆ.

ಪ್ರಶ್ನೆ: ಗುರುದ್ವಾರದ ಕೀರ್ತನೆ ತಂಡವನ್ನೂ ಮೊಹರಮ್ ಪದ ಹಾಡುವವರನ್ನೂ ಕರೆಯಬೇಕಂತಿದ್ದೀವಿ. ಏನು ಎಚ್ಚರ ವಹಿಸಬೇಕು? (ಬೀದರ್)

ಗುರ್ಬಾಣಿ ಕೀರ್ತನೆ ಅವರಿಗೆ ಪೂಜೆ, ಐಟಂ ಅಲ್ಲ. ನಾನಕ್ ಝೀರಾ ಗುರುದ್ವಾರದ ಹಿರಿಯರನ್ನು ಮೊದಲು ಕೇಳಿ, ಅವರು ಹೇಳಿದ ಕ್ರಮದಲ್ಲೇ ನಡೆಸಿ. ತಲೆ ಮುಚ್ಚಿಕೊಳ್ಳಲು ಕೈವಸ್ತ್ರ, ಪಾದರಕ್ಷೆ ಬಿಡಲು ಜಾಗ ಸಾಮಾನ್ಯವಾಗಿ ಬೇಕಾಗುತ್ತದೆ. ಕೀರ್ತನೆಗೆ ಚಪ್ಪಾಳೆ ಇಲ್ಲ ಎಂದು ನಿರೂಪಕರು ಮೊದಲೇ ಹೇಳಲಿ. ಅದನ್ನು ಸಿನಿಮಾ ಹಾಡಿನ ಪಕ್ಕದಲ್ಲಿಡದೆ ಆರಂಭದಲ್ಲೇ ಇಟ್ಟುಕೊಳ್ಳಿ.

ಮೊಹರಮ್ಮಿನ ರಿವಾಯತ ಪದಗಳು ಕರ್ಬಲಾದ ದುಃಖದ ಹಾಡುಗಳು, ನಮ್ಮಲ್ಲಿ ಕನ್ನಡದಲ್ಲೇ ಇವೆ, ಹಾಡುವವರಲ್ಲಿ ಹಿಂದೂಗಳೇ ಬಹಳ. ಹಬ್ಬದ ಹೊರಗೆ ಹಾಡಲು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದವರನ್ನು ಒತ್ತಾಯಿಸಬೇಡಿ. ಹೆಜ್ಜೆ ಮೇಳ ಬಿಟ್ಟು ಬರಿಯ ಪದ ಹಾಡಿಸಿದರೆ ಸಾಹಿತ್ಯ ಇನ್ನೂ ಚೆನ್ನಾಗಿ ಕೇಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮವ್ವಗ ಮರೆವಿನ ಕಾಯಿಲೆ. ಹಾಡು ಅಂದ್ರ ಪ್ರಾಣ. ಕರಕೊಂಡು ಹೋಗಬಹುದಾ? (ಯಾದಗಿರಿ)

ಹೋಗಿ. ಮಕ್ಕಳ ಹೆಸರು ಮರೆತವರೂ ಹಳೆಯ ಹಾಡಿನ ಸಾಲು ಮರೆಯದಿರುವುದುಂಟು. ಬಾಗಿಲ ಹತ್ತಿರದ ಅಂಚಿನ ಕುರ್ಚಿ ಹಿಡಿಯಿರಿ, ಪೆಟ್ಟಿಗೆಯಿಂದ ದೂರ ಇರಿ, ಮೊದಲ ಅರ್ಧ ತಾಸು ಕೇಳಿಸಿ ನೋಡಿ. ಸೆರಗು ತಿರುವುವುದು, ಪದೇ ಪದೇ ಏಳುವುದು, "ಮನಿಗೆ ಹೋಗೂನು" ಎನ್ನುವುದು ಶುರುವಾದರೆ ಸಮಾಧಾನ ಹೇಳುತ್ತ ಕೂಡದೆ ಹೊರಗೆ ಕರೆದೊಯ್ಯಿರಿ. ಹೆಸರು ಮತ್ತು ನಿಮ್ಮ ಫೋನ್ ನಂಬರ್ ಬರೆದ ಚೀಟಿ ಅವರ ಕುಪ್ಪಸಕ್ಕೆ ಪಿನ್ ಹಾಕಿ. ಎದೆಯ ಮೇಲಲ್ಲ, ಒಳಭಾಗಕ್ಕೆ, ಇಲ್ಲದಿದ್ದರೆ ಕಿತ್ತು ಹಾಕುತ್ತಾರೆ. ಅವ್ವನನ್ನು ಯಾರ ಹತ್ತಿರವೂ ಬಿಟ್ಟು ಹೋಗಬೇಡಿ, ಸ್ವಯಂಸೇವಕರ ಹತ್ತಿರವೂ.

ಪ್ರಶ್ನೆ: ತಿನ್ನಲು ಏನು ಕೊಡೋದು? ಎಷ್ಟು? (ಕಮಲಾಪುರ)

ಹಲ್ಲಿಲ್ಲದವರಿಗೂ ನಡೆಯುವಂಥದ್ದು: ಮೆತ್ತನೆಯ ಸುಸಲಾ (ನೆನೆಸಿದ ಮಂಡಕ್ಕಿಯ ಒಗ್ಗರಣೆ), ಬಾಳೆಹಣ್ಣು. ಸುಸಲಾಕ್ಕೆ ಶೇಂಗಾ ಬೇರೆ ಬಟ್ಟಲಲ್ಲಿಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಈರುಳ್ಳಿ ಇಲ್ಲದ್ದನ್ನು ಒಂದು ಪಾತ್ರೆ ಬೇರೆ ಮಾಡಿ. 150 ಜನಕ್ಕೆ ಚಹಾ 15 ಲೀಟರ್, ಅದರಲ್ಲಿ 6 ಲೀಟರ್ ಸಕ್ಕರೆಯಿಲ್ಲದ್ದು. ಸಕ್ಕರೆಯಿಲ್ಲದ ಪಾತ್ರೆಗೆ ಬೇರೆ ಬಣ್ಣದ ಲೋಟ ಇಡಿ, ಬಾಯಿಮಾತಿನಲ್ಲಿ ಹೇಳಿದ್ದು ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ನೀರು 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಲೋಟಕ್ಕೆ ಅರ್ಧ ಮಾತ್ರ ತುಂಬಿ ಕೂತಲ್ಲಿಗೇ ತಲುಪಿಸಿ. ಶೌಚಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದವರು ಇರುತ್ತಾರೆ, ತಲೆ ಸುತ್ತಿ ಬೀಳುವವರು ಅವರೇ. 108ರ ಜೊತೆಗೆ ಹಿರಿಯರ ಸಹಾಯವಾಣಿ 14567ನ್ನೂ ಸ್ವಾಗತದ ಮೇಜಿನ ಮೇಲೆ ದೊಡ್ಡದಾಗಿ ಬರೆದಿಡಿ.

ಪ್ರಶ್ನೆ: ಸುತ್ತಲಿನ ಹಳ್ಳಿಗಳವರನ್ನು ಕರೆತರಲು ಬಸ್ಸು ಮಾಡಬೇಕಾ? ನಮ್ಮ ಹತ್ತಿರ ರೊಕ್ಕ ಕಮ್ಮಿ. (ಚಿಂಚೋಳಿ)

ಎಲ್ಲರಿಗೂ ಬೇಕಿಲ್ಲ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ತರಲು ಹೇಳಿ. ಗಂಡಸರಿಗೆ ಟಿಕೆಟ್ ಇದೆ, ಇರುವ ರೊಕ್ಕವನ್ನು ಅವರ ಟಿಕೆಟ್ಟಿಗೂ ಬಸ್ ನಿಲ್ದಾಣದಿಂದ ಸಭಾಂಗಣದ ತನಕದ ಆಟೋಗಳಿಗೂ ಇಡಿ. ಹಿರಿಯರು ಸೋಲುವುದು ಊರಿಂದ ಊರಿಗೆ ಬರುವುದರಲ್ಲಲ್ಲ, ನಿಲ್ದಾಣದಿಂದ ಬಾಗಿಲಿಗೆ ಬರುವುದರಲ್ಲಿ. ಮರಳುವ ಬಸ್ಸುಗಳ ಹೊತ್ತನ್ನು ಡಿಪೋದಲ್ಲಿ ವಿಚಾರಿಸಿ, ಊರಿನ ಹೆಸರಿನೊಂದಿಗೆ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಅಂಟಿಸಿ. ಯಾವ ಊರಿಗೆ ಬಸ್ಸು ಬೇಗ ಹೊರಡುತ್ತದೋ ಆ ಊರಿನವರ ಹಾಡನ್ನು ಚಹಾಕ್ಕಿಂತ ಮುಂಚೆಯೇ ಮುಗಿಸಿಬಿಡಿ.